ಬಿಟ್ಟ ಕ್ಯಾಚ್ ಇರಲಿ, ಹುಡುಗ ಓಡಿ ಬಂದದ್ದು ಎಲ್ಲಿಂದ?

ಎಂದಿನಂತೆ ಈ ಸಲವೂ ಕ್ರಿಕೆಟ್ ಪತ್ರಗಳೇ ಜಾಸ್ತಿ. ಆದರೆ ಬೇಸ್‌ಬಾಲ್, ಸಾಫ್ಟ್‌ಬಾಲ್ ಬಗ್ಗೆ ಒಟ್ಟಿಗೆ ಐದು ಪತ್ರ ಬಂದಿವೆ, ಅದೂ ಎಲ್ಲ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದಲೇ. ಹಾಗಾಗಿ ಪುಟವೆಲ್ಲ ಅವಕ್ಕೇ ಕೊಟ್ಟಿದ್ದೇನೆ. ಮೊದಲ ಪತ್ರದ ಉತ್ತರ ಉದ್ದ ಆಗಿದೆ. ಸಂಪಾದಕರು ಬೈದರೆ ಬೈಯಲಿ.

ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ, ಪಿಯುಸಿ ಮೊದಲ ವರ್ಷ. ಮುಂಚೆ ಕ್ರಿಕೆಟ್ ಆಡುತ್ತಿದ್ದ, ಒಂದೂವರೆ ವರ್ಷದಿಂದ ಬೇಸ್‌ಬಾಲ್ ಹುಚ್ಚು. ಕಾಲೇಜು ತಂಡದಲ್ಲಿ ಸೆಂಟರ್ ಫೀಲ್ಡ್ ಆಡುತ್ತಾನೆ, ಅಂದರೆ ಬೇಸುಗಳ ಹಿಂದಿನ ದೂರದ ಮೈದಾನದಲ್ಲಿ (ಔಟ್‌ಫೀಲ್ಡ್) ನಡುವಿನ ಜಾಗ. ಕಳೆದ ಮೂರು ಪಂದ್ಯದಲ್ಲಿ ಮೂರು ತಪ್ಪು ಮಾಡಿದ, ಬರೆದಿಟ್ಟುಕೊಂಡಿದ್ದೇನೆ. ಒಂದು, ನೇರ ಅವನ ಕಡೆಗೇ ಬಂದ ಚೆಂಡಿಗೆ ಮುಂದೆ ಓಡಿದ, ಅದು ತಲೆ ಮೇಲೆ ದಾಟಿ ಹೋಯಿತು. ಎರಡು, ಲೆಫ್ಟ್ ಫೀಲ್ಡ್ ಕಡೆಗೆ ತುಂಬಾ ದೂರ ಓಡಿ ಚೆಂಡು ಮುಟ್ಟಿದ, ಗ್ಲೌಸಿನಿಂದ ಜಾರಿತು. ಮೂರು, ಎರಡನೇ ಬೇಸಿನಲ್ಲಿ ಎದುರಾಳಿ ಓಟಗಾರ ಇದ್ದಾಗ ಚೆಂಡು ಎತ್ತಿಕೊಂಡು ನೇರ ಹೋಮ್‌ಗೆ (ಬ್ಯಾಟರ್ ನಿಲ್ಲುವ, ಓಟ ಮುಗಿಯುವ ಬೇಸ್) ಎಸೆದ, ಎಲ್ಲರ ತಲೆ ಮೇಲೆ ಹೋಯಿತು. ಓಟಗಾರನೂ ಹೋಮ್ ಮುಟ್ಟಿದ, ಹೊಡೆದವನೂ ಎರಡನೇ ಬೇಸ್ ಸೇರಿದ. ಈಗ ಕೋಚ್ ಇವನನ್ನು ಲೆಫ್ಟ್ ಫೀಲ್ಡ್‌ಗೆ ಕಳಿಸಿ ಅಲ್ಲಿರುವ ಹುಡುಗನನ್ನು ಸೆಂಟರ್‌ಗೆ ತರುವ ಮಾತಾಡುತ್ತಿದ್ದಾರೆ. ಆ ಹುಡುಗ ಈ ವರ್ಷ ಒಂದೂ ಕ್ಯಾಚ್ ಬಿಟ್ಟಿಲ್ಲ. ನಮ್ಮ ಮಾವನವರು, ‘ಸುಮ್ನ ಕ್ರಿಕೆಟ್‌ಗೆ ಹಚ್ರಿ, ಇದನ್ನ ಯಾರ್ ನೋಡ್ತಾರ’ ಅಂತಾರೆ. ನನ್ನ ಮಗನಲ್ಲಿ ದಮ್ ಇದೆಯಾ ಇಲ್ವಾ, ನೇರವಾಗಿ ಹೇಳಿ ಸರ್.
ಒಬ್ಬ ತಂದೆ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇದೆ ಅಂತ ಕಾಣುತ್ತದೆ. ಹುಡುಗನನ್ನು ನಾನು ನೋಡಿಲ್ಲ, ನಿಮ್ಮ ಪತ್ರ ನೋಡಿ ಹೇಳುತ್ತಿದ್ದೇನೆ. ಆದರೆ ನಿಮ್ಮ ಪತ್ರ ಒಳ್ಳೆಯದಿದೆ. ಬೇರೆ ತಂದೆ ತಾಯಿ ‘ಕ್ಯಾಚ್ ಬಿಟ್ಟ’ ಅಂತ ಎರಡು ಪದ ಬರೆದು ಮುಗಿಸುತ್ತಾರೆ. ನೀವು ಎಲ್ಲಿಂದ ಎಲ್ಲಿಗೆ ಓಡಿದ ಅಂತಲೂ ಬರೆದಿದ್ದೀರಿ, ನನಗೆ ಬೇಕಾದದ್ದು ಅದೇ.

ಎರಡನೇ ತಪ್ಪಿನಿಂದ ಶುರು ಮಾಡೋಣ, ಯಾಕೆಂದರೆ ಮೂರರಲ್ಲಿ ನನಗೆ ಖುಷಿ ಕೊಟ್ಟದ್ದು ಅದು. ಲೆಫ್ಟ್ ಫೀಲ್ಡ್ ಕಡೆಗೆ ತುಂಬಾ ದೂರ ಓಡಿ ಚೆಂಡು ಮುಟ್ಟಿದ ಅಂತೀರಿ. ಹಾಗಾದರೆ ಈ ವರ್ಷ ಒಂದೂ ಕ್ಯಾಚ್ ಬಿಡದ ಆ ಲೆಫ್ಟ್ ಫೀಲ್ಡ್ ಹುಡುಗ ಆಗ ಎಲ್ಲಿದ್ದ? ಚೆಂಡು ಇಬ್ಬರ ನಡುವೆ ಬಂದಿದೆ. ಒಬ್ಬ ಹೋಗಿ ಮುಟ್ಟಿ ಬಿಟ್ಟ, ಇನ್ನೊಬ್ಬ ಹತ್ತಿರವೂ ಸುಳಿಯಲಿಲ್ಲ. ಕ್ಯಾಚ್ ಬಿಟ್ಟ ಹೆಸರು ಬಂದದ್ದು ಮಾತ್ರ ಓಡಿದವನಿಗೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರಾ ಅಂತ ನಮ್ಮ ಹಿರಿಯರು ಕೇಳುತ್ತಿದ್ದರಲ್ಲ, ಔಟ್‌ಫೀಲ್ಡ್‌ಗೆ ಅದಕ್ಕಿಂತ ಸರಿಯಾದ ಮಾತಿಲ್ಲ.

ಬೇಸ್‌ಬಾಲ್ ನಿಯಮವೇ ಹೀಗಿದೆ ನೋಡಿ. ಸಾಮಾನ್ಯ ಪ್ರಯತ್ನದಲ್ಲಿ ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಮಾತ್ರ ಸ್ಕೋರರ್ ‘ಎರರ್’ ಅಂತ ಬರೆಯುತ್ತಾನೆ. ನಿಧಾನ ಓಡುವ, ತಡವಾಗಿ ಹೊರಡುವ ಹುಡುಗನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ಚೆಂಡು ಬಿದ್ದರೆ ಅದು ಎದುರಾಳಿಯ ‘ಹಿಟ್’ ಆಗುತ್ತದೆ. ಸ್ಕೋರ್ ಹಾಳೆಯಲ್ಲಿ ಇವನ ಹೆಸರಿನ ಮುಂದೆ ಸೊನ್ನೆ, ಫೀಲ್ಡರ್ ಶುದ್ಧ ಹಸ್ತ! ಈ ಮೋಸ ಅಮೆರಿಕದವರಿಗೆ ಮೊದಲೇ ಗೊತ್ತಿತ್ತು, ಅಳೆಯುವ ದಾರಿ ಇರಲಿಲ್ಲ. 2015ರಿಂದ ಅಲ್ಲಿನ ಮೇಜರ್ ಲೀಗ್ ಮೈದಾನಗಳಲ್ಲಿ ಸ್ಟ್ಯಾಟ್‌ಕಾಸ್ಟ್ ಅನ್ನುವ ವ್ಯವಸ್ಥೆ ಇದೆ. ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿತ್ತು, ಫೀಲ್ಡರ್ ಎಷ್ಟು ದೂರ ಹೋಗಬೇಕಿತ್ತು, ಯಾವ ದಿಕ್ಕಿಗೆ, ಇದನ್ನೆಲ್ಲ ಲೆಕ್ಕ ಹಾಕಿ ಆ ಕ್ಯಾಚ್ ಎಷ್ಟು ಕಷ್ಟದ್ದು ಅಂತ ಶೇಕಡಾದಲ್ಲಿ ಹೇಳುತ್ತದೆ. ಅದರಲ್ಲಿ ‘ಜಂಪ್’ ಅಂತ ಒಂದು ಅಳತೆ ಇದೆ. ಹೆಸರು ಕೇಳಿ ನೆಗೆತ ಅಂದುಕೊಳ್ಳಬೇಡಿ. ಚೆಂಡು ಪಿಚರ್ (ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ) ಕೈಬಿಟ್ಟ ಮೇಲಿನ ಮೊದಲ ಮೂರು ಸೆಕೆಂಡಿನಲ್ಲಿ ಫೀಲ್ಡರ್ ಸರಿಯಾದ ದಿಕ್ಕಿಗೆ ಎಷ್ಟು ಅಡಿ ಹೋದ ಅನ್ನುವುದು. ಆ ಮೂರು ಸೆಕೆಂಡೇ ಔಟ್‌ಫೀಲ್ಡರ್‌ನ ಜಾತಕ. ನಮಗೆ ಕ್ಯಾಮೆರಾ ಬೇಡ. ಮುಂದಿನ ಪಂದ್ಯದಲ್ಲಿ ಚೆಂಡಿನ ಹಿಂದೆ ಕಣ್ಣು ಹಾಯಿಸಬೇಡಿ, ಕಷ್ಟ ಆದರೂ ತಡೆದುಕೊಳ್ಳಿ. ಬ್ಯಾಟಿನ ಸದ್ದು ಕೇಳಿದ ತಕ್ಷಣ ನಿಮ್ಮ ಮಗನ ಪಾದ ನೋಡಿ. ಯಾವ ಪಾದ ಮೊದಲು ಎದ್ದಿತು, ಯಾವ ಕಡೆಗೆ? ಹತ್ತು ಚೆಂಡಿನಲ್ಲಿ ಎಂಟಕ್ಕೆ ಸರಿಯಾದ ಕಡೆ ಎದ್ದರೆ ಅವನನ್ನು ಯಾರೂ ತಂಡದಿಂದ ಕೈಬಿಡಬಾರದು.

ಗ್ಲೌಸಿನಿಂದ ಜಾರಿದ್ದು ಕೈಯ ತಪ್ಪು. ಅದನ್ನು ಕಲಿಸಬಹುದು. ಗ್ಲೌಸನ್ನೂ ಒಮ್ಮೆ ನೋಡಿ. ನಮ್ಮ ಕಡೆ ತಂಡದ ಗ್ಲೌಸ್ ಅಂದರೆ ಇದ್ದ ನಾಲ್ಕನ್ನೇ ಎಲ್ಲರೂ ಹಂಚಿಕೊಂಡು ಆಡುವುದು. ಒಳಗಿನ ಬೇಸುಗಳ ಹತ್ತಿರ ಆಡುವವರ ಗ್ಲೌಸ್ ಚಿಕ್ಕದು, ಔಟ್‌ಫೀಲ್ಡರ್‌ಗೆ ಹನ್ನೆರಡೂವರೆ ಹದಿಮೂರು ಇಂಚಿನದು ಬೇಕು, ಓಡುತ್ತಾ ಕೈ ಚಾಚಿದಾಗ ಆ ಒಂದಿಂಚೇ ಕಾಯುತ್ತದೆ. ಚರ್ಮ ಗಟ್ಟಿ ಇದ್ದರೆ ಗ್ಲೌಸ್ ಮುಚ್ಚಿಕೊಳ್ಳುವುದೇ ಇಲ್ಲ, ಚೆಂಡು ಹಲಗೆಗೆ ಬಡಿದ ಹಾಗೆ ಹೊರಗೆ ಬರುತ್ತದೆ. ನಾವು ಆಡುವಾಗ ಗ್ಲೌಸಿನ ಹೊಟ್ಟೆಯೊಳಗೆ ಚೆಂಡು ಇಟ್ಟು, ಹಳೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ರಾತ್ರಿ ಹಾಸಿಗೆ ಕೆಳಗೆ ಇಟ್ಟು ಮಲಗುತ್ತಿದ್ದೆವು. ಬೆನ್ನಿಗೆ ಒತ್ತುತ್ತಿತ್ತು, ಆದರೆ ತಿಂಗಳಲ್ಲಿ ಮೆತ್ತಗಾಗುತ್ತಿತ್ತು.

ಇನ್ನು ಮೊದಲನೆಯ ತಪ್ಪು, ತಲೆ ಮೇಲೆ ಹೋದದ್ದು. ಪೆವಿಲಿಯನ್‌ನಲ್ಲಿ ಕೂತವರಿಗೆ ನೇರ ಬಂದ ಚೆಂಡು ಅಂದರೆ ಸುಲಭದ ಚೆಂಡು. ಆಡಿದವರನ್ನು ಕೇಳಿ, ಅದೇ ಎಲ್ಲಕ್ಕಿಂತ ಕಷ್ಟದ್ದು ಅಂತಾರೆ. ಪಕ್ಕಕ್ಕೆ ಹೋಗುವ ಚೆಂಡಿನ ಬಾಗು ಕಣ್ಣಿಗೆ ಕಾಣುತ್ತದೆ. ನೇರ ಮುಖಕ್ಕೆ ಬರುವುದು ಬರೀ ಒಂದು ಚುಕ್ಕೆ, ಅದು ದೊಡ್ಡದಾಗುತ್ತಾ ಹೋಗುತ್ತದೆ ಅಷ್ಟೆ. ಸೆವಿಲ್ ಚಾಪ್‌ಮನ್ ಅನ್ನುವ ಭೌತವಿಜ್ಞಾನಿ 1968ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ. ಫೀಲ್ಡರ್‌ನ ಕಣ್ಣಿಗೆ ಚೆಂಡು ಒಂದೇ ಹದದಲ್ಲಿ ಮೇಲೇರುತ್ತಾ ಇದ್ದರೆ ಅವನು ಸರಿಯಾದ ಜಾಗದಲ್ಲಿದ್ದಾನೆ. ಏರುವ ವೇಗ ಜಾಸ್ತಿ ಆಗುತ್ತಿದ್ದರೆ ಚೆಂಡು ತಲೆ ದಾಟುತ್ತದೆ, ಹಿಂದೆ ಓಡಬೇಕು. ಏರುವುದು ನಿಧಾನ ಆಗುತ್ತಾ ಬಂದರೆ ಮುಂದೆ ಬೀಳುತ್ತದೆ. ಹುಡುಗರು ಈ ಲೆಕ್ಕ ಹಾಕಿ ಓಡುವುದಿಲ್ಲ, ನೂರಾರು ಚೆಂಡು ನೋಡಿದ ಮೇಲೆ ಕಾಲೇ ಕಲಿತುಕೊಳ್ಳುತ್ತದೆ. ನಿಮ್ಮ ಮಗ ನೋಡಿರುವುದು ಒಂದೂವರೆ ವರ್ಷದ ಚೆಂಡು ಮಾತ್ರ.

ಅದಕ್ಕೂ ಮುಖ್ಯ, ಅವನ ಕಾಲಿಗೆ ಇನ್ನೂ ಕ್ರಿಕೆಟ್ ನೆನಪಿದೆ. ಲಾಂಗ್ ಆನ್‌ನಲ್ಲಿ ನಿಲ್ಲುವ ಹುಡುಗನ ಬೆನ್ನಿಗೆ ಬೌಂಡರಿ ಹಗ್ಗ ಇರುತ್ತದೆ. ಹಿಂದೆ ಹೋದದ್ದು ಹೇಗೂ ಸಿಕ್ಸರ್, ಅವನ ಕೆಲಸವೆಲ್ಲ ಮುಂದೆಯೇ. ಸೆಂಟರ್ ಫೀಲ್ಡರ್ ಬೆನ್ನ ಹಿಂದೆ ಖಾಲಿ ನೆಲ ಇರುತ್ತದೆ, ಅಲ್ಲಿ ಚೆಂಡು ಬಿದ್ದರೆ ಎದುರಾಳಿ ಎರಡು ಮೂರು ಬೇಸ್ ಓಡುತ್ತಾನೆ. ಮುಂದೆ ಬಿದ್ದರೆ ಒಂದು ಬೇಸ್ ಹೋಗುತ್ತದೆ. ಆದ್ದರಿಂದ ಗೊತ್ತಾಗದಿದ್ದಾಗ ಮೊದಲ ಹೆಜ್ಜೆ ಹಿಂದಕ್ಕೆ. ಅದೂ ನಮ್ಮ ಹುಡುಗರು ಮಾಡುವ ಹಾಗೆ ಮುಖ ಮುಂದಿಟ್ಟುಕೊಂಡು ಹಿಮ್ಮಡಿ ಮೇಲೆ ಹಿಂದೆ ಹಿಂದೆ ಹೋಗುವುದಲ್ಲ. ಒಂದು ಪಾದ ಹಿಂದಿಟ್ಟು ಸೊಂಟ ತಿರುಗಿಸಿ, ಭುಜದ ಮೇಲಿಂದ ಚೆಂಡು ನೋಡುತ್ತಾ ಮುಂಗಾಲಿನ ಮೇಲೆ ಓಡಬೇಕು. ಹಿಮ್ಮಡಿ ಊರಿ ಓಡಿದರೆ ತಲೆ ಕುಲುಕಿ ಚೆಂಡು ಕಣ್ಣೆದುರು ಕುಣಿಯುತ್ತದೆ. ಖಾಲಿ ರಸ್ತೆಯಲ್ಲಿ ಎರಡೂ ರೀತಿ ಓಡುತ್ತಾ ದೂರದ ಕಂಬ ನೋಡಲು ಹೇಳಿ, ಅವನಿಗೇ ಗೊತ್ತಾಗುತ್ತದೆ.

ಮೂರನೆಯದು ನನಗೆ ಇಷ್ಟ ಆಗಲಿಲ್ಲ. ಇದು ಕೈಯದೂ ಅಲ್ಲ ಕಾಲಿನದೂ ಅಲ್ಲ, ತಲೆಯದು. ಕ್ರಿಕೆಟ್‌ನಲ್ಲಿ ಡೀಪ್‌ನಿಂದ ಕೀಪರ್ ಕೈಗೆ ನೇರ ಎಸೆದರೆ ಶಭಾಷ್. ಇಲ್ಲಿ ಮೈದಾನದಲ್ಲಿ ಇನ್ನೂ ಓಟಗಾರರು ಇರುತ್ತಾರೆ, ಹೊಡೆದವನೂ ಅವರಲ್ಲೊಬ್ಬ. ಅದಕ್ಕೇ ನಡುವೆ ಕಟ್‌ಆಫ್ ಆಟಗಾರ ಬಂದು ಕೈ ಎತ್ತಿ ನಿಲ್ಲುವುದು. ಎಸೆತ ಅವನ ಎದೆ ಎತ್ತರಕ್ಕೆ ಹೋಗಬೇಕು. ಹೋಮ್‌ನಲ್ಲಿ ಓಟಗಾರ ಸಿಗುವ ಹಾಗಿದ್ದರೆ ಅವನು ಬಿಡುತ್ತಾನೆ, ಇಲ್ಲದಿದ್ದರೆ ಹಿಡಿದು ಎರಡನೇ ಬೇಸಿಗೆ ತಿರುಗಿಸುತ್ತಾನೆ. ನಿಮ್ಮ ಮಗನ ಎಸೆತ ಅಷ್ಟು ಎತ್ತರ ಹೋಗಿದ್ದಕ್ಕೆ ಒಂದು ಓಟದ ಜೊತೆ ಇನ್ನೊಂದು ಬೇಸ್ ಹೋಯಿತು. ಕೈಯಲ್ಲಿ ಬಲ ಇದೆ ಅನ್ನುವುದು ಗೊತ್ತಾಯಿತು, ಸರಿ. ಆದರೆ ಬಲ ತೋರಿಸುವ ಆಸೆಯೂ ಇದೆ, ಅದು ಕೆಟ್ಟದ್ದು. ಪಿಚರ್ ಚೆಂಡು ಎಸೆಯುವ ಮುಂಚೆ ಪ್ರತಿ ಸಲ ಅವನು ಬಾಯಿಬಿಟ್ಟು ಹೇಳಲಿ: ‘ನನಗ ಬಂದ್ರ ಎಲ್ಲಿ ಒಗೀಬೇಕು?’ ಜೋರಾಗಿ ಹೇಳಲಿ, ಪಕ್ಕದವನು ನಗಲಿ. ಒಂದು ಸೀಸನ್ ಹೀಗೆ ಮಾಡಿಯೂ ಎಸೆತ ತಲೆ ಮೇಲೆ ಹೋಗುತ್ತಿದ್ದರೆ ಆಗ ಮತ್ತೆ ಬರೆಯಿರಿ, ಆಗ ನನ್ನ ಉತ್ತರ ಇಷ್ಟು ಸಿಹಿ ಇರಲ್ಲ.

ಲೆಫ್ಟ್ ಫೀಲ್ಡ್ ವಿಷಯ. ಜಾಗ ಬದಲಿಸುವುದು ಶಿಕ್ಷೆ ಅಂತ ಮಗನ ತಲೆಗೆ ತುಂಬಬೇಡಿ. ಮೇಜರ್ ಲೀಗ್ ಆಟಗಾರ ಫರ್ನಾಂಡೋ ಟಾಟಿಸ್ ಜೂನಿಯರ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವನು) ಆಗಿದ್ದವನು, ರೈಟ್ ಫೀಲ್ಡ್‌ಗೆ ಹೋಗಿ 2023ರಲ್ಲಿ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದ. ಆದರೆ ಇಲ್ಲಿ ಕಾರಣ ಏನು ಅಂತ ಕೇಳಿ. ಔಟ್‌ಫೀಲ್ಡ್‌ನಲ್ಲಿ ಸೆಂಟರ್‌ನವನಿಗೆ ಎಲ್ಲರಿಗಿಂತ ಜಾಸ್ತಿ ನೆಲ, ಅವನು ‘ನಂದು’ ಅಂದರೆ ಉಳಿದಿಬ್ಬರು ಬಿಡಬೇಕು. ಹಾಗಾಗಿ ಅಲ್ಲಿ ದೂರ ಓಡುವವನೇ ಬೇಕು. ಬಿಟ್ಟ ಕ್ಯಾಚ್ ಎಣಿಸಿ ಓಡದವನನ್ನು ನಡುವೆ ನಿಲ್ಲಿಸಿದರೆ ಎರಡೂ ಕಡೆ ತೂತು. ಕೋಚ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಹುಡುಗರ ಎದುರು ಬೇಡ. ‘ಸರ್, ಇನ್ನೊಂದು ತಿಂಗಳು ಅಲ್ಲೇ ನೋಡ್ರಿ’ ಅನ್ನಿ. ಅವರು ಒಪ್ಪದಿದ್ದರೆ ಸುಮ್ನಿರಿ, ತಂಡ ಅವರದ್ದು.

ಇನ್ನೊಂದು ಮಾತು, ನಾನೇ ಮಾಡಿದ ತಪ್ಪು. ತುಂಬಾ ಹಿಂದೆ ಒಬ್ಬ ಹುಡುಗನನ್ನು ‘ಕೈ ಸರಿಯಿಲ್ಲ’ ಅಂತ ಹೊರಗೆ ಕೂರಿಸಿದ್ದೆ. ಬೆಳಿಗ್ಗೆ ಅಭ್ಯಾಸದಲ್ಲಿ ಎಲ್ಲ ಹಿಡಿಯುತ್ತಿದ್ದ, ಸಂಜೆ ಪಂದ್ಯದಲ್ಲಿ ಬಿಡುತ್ತಿದ್ದ. ಹೆದರಿಕೆ ಅಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಅವನು ಕನ್ನಡಕ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ‘ಸರ್, ಈಗ ಬಸ್ ಬೋರ್ಡ್ ದೂರದಿಂದನ ಕಾಣ್ತಾವ’ ಅಂದ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಈ ವಾರವೇ ಮಗನ ಕಣ್ಣು ತೋರಿಸಿ. ಮಾವನವರಿಗೆ ಹೇಳಿ, ಕ್ರಿಕೆಟ್ ಎಲ್ಲೂ ಓಡಿ ಹೋಗಲ್ಲ.

ಪ್ರಶ್ನೆ: ಒಂದೇ ಪಂದ್ಯ ನೋಡಿ ಒಬ್ಬ ಔಟ್‌ಫೀಲ್ಡರ್ ಒಳ್ಳೆಯವನಾ ಅಲ್ವಾ ಹೇಳಬಹುದಾ?
ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಆಗಲ್ಲ. ಒಂದು ಪಂದ್ಯದಲ್ಲಿ ಅವನ ಹತ್ತಿರ ಬರುವುದೇ ಎರಡೋ ಮೂರೋ ಚೆಂಡು. ಆದರೆ ಅವನ ಹತ್ತಿರ ಚೆಂಡು ಬಾರದಾಗ ಏನು ಮಾಡುತ್ತಾನೆ ನೋಡಿ. ಪಕ್ಕದವನ ಹಿಂದೆ ಕಾವಲಿಗೆ ಓಡುತ್ತಾನಾ, ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾನಾ? ಅದು ಒಂದೇ ಪಂದ್ಯದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಸಾಫ್ಟ್‌ಬಾಲ್ ಆಡುತ್ತೇನೆ, ಒಂಬತ್ತನೇ ಕ್ಲಾಸು. ಫೈನಲ್‌ನಲ್ಲಿ ಸುಲಭದ ಕ್ಯಾಚ್ ಬಿಟ್ಟೆ, ನಾವು ಸೋತೆವು. ಆವತ್ತಿನಿಂದ ಚೆಂಡು ಮೇಲೆ ಹೋದರೆ ಕಾಲು ಕಟ್ಟಿ ಹಾಕಿದ ಹಾಗೆ ಆಗುತ್ತದೆ. ಜೊತೆಗೆ ನಮ್ಮೂರ ಗಾಳಿ ಬೇರೆ. ಆಟ ಬಿಡಲಾ?
ಒಬ್ಬ ಆಟಗಾರ್ತಿ, ಬೆಟಗೇರಿ, ಗದಗ

ಉತ್ತರ: ಬಿಡಬೇಡ ತಂಗಿ. 2024ರ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಅದರ ಐದನೇ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ 5-0 ಮುಂದಿತ್ತು. ಸೆಂಟರ್ ಫೀಲ್ಡ್‌ನಲ್ಲಿ ಆರನ್ ಜಡ್ಜ್, ಆ ವರ್ಷದ ಅತಿ ದೊಡ್ಡ ಆಟಗಾರ. ಐದನೇ ಇನ್ನಿಂಗ್ಸ್‌ನಲ್ಲಿ ಗ್ಲೌಸಿಗೇ ಬಂದ ಚೆಂಡನ್ನು ಬಿಟ್ಟ. ಅದೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ತಂಡ ಡಾಜರ್ಸ್ ಐದು ಓಟ ಹೊಡೆದು ಸಮ ಮಾಡಿ, ಕೊನೆಗೆ 7-6ಕ್ಕೆ ಗೆದ್ದು ಕಪ್ಪನ್ನೇ ಒಯ್ದರು. ಮುಂದಿನ ಸೀಸನ್ನಿನಲ್ಲಿ ಜಡ್ಜ್ ಮತ್ತೆ ಬಂದು ಆಡಿದ.

ಇನ್ನೂ ಹಳೆಯದು ಬೇಕಾದರೆ ಫ್ರೆಡ್ ಸ್ನಾಡ್‌ಗ್ರಾಸ್ ಅನ್ನುವವನ ಕಥೆ ಇದೆ. 1912ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ, ಹತ್ತನೇ ಇನ್ನಿಂಗ್ಸ್, ಸುಲಭದ ಚೆಂಡು ಕೈಬಿಟ್ಟ. ಅದರ ಹಿಂದೆಯೇ ಬಂದ ಮುಂದಿನ ಆಟಗಾರ ಹೊಡೆದ ಚೆಂಡನ್ನು ದೂರ ಓಡಿ ಅದ್ಭುತವಾಗಿ ಹಿಡಿದ. ತಂಡ ಸೋತಿತು. ಜನ ನೆನಪಿಟ್ಟುಕೊಂಡದ್ದು ಮೊದಲನೆಯದನ್ನೇ, 1974ರಲ್ಲಿ ಅವನು ತೀರಿಕೊಂಡಾಗಲೂ ಪತ್ರಿಕೆ ತಲೆಬರಹದಲ್ಲಿ ಆ ಬಿಟ್ಟ ಚೆಂಡೇ. ಜನರ ಬಾಯಿ ಹಾಗೇ. ನಾನು ನೋಡುವುದು ಎರಡನೆಯ ಚೆಂಡನ್ನು. ಬಿಟ್ಟ ಒಂದೆರಡು ನಿಮಿಷದಲ್ಲೇ ಅವನ ಕಾಲು ಕಟ್ಟಿರಲಿಲ್ಲ. ಅಂದಹಾಗೆ ಅವನು ಮುಂದೆ ತನ್ನೂರಿನ ಮೇಯರ್ ಕೂಡ ಆದ.

ಈಗ ಗಾಳಿ. ನಿಮ್ಮೂರ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಇನ್ನಿಂಗ್ಸ್ ಶುರುವಾಗುವಾಗ ಒಂದು ಚಿಟಿಕೆ ಮಣ್ಣು ಎತ್ತಿ ಬಿಡು. ಮಣ್ಣು ನಿನ್ನ ಬೆನ್ನ ಹಿಂದೆ ಹೋದರೆ ಚೆಂಡು ನೀನು ಅಂದುಕೊಂಡದ್ದಕ್ಕಿಂತ ಹಿಂದೆ ಬೀಳುತ್ತದೆ, ನಾಲ್ಕು ಹೆಜ್ಜೆ ಹಿಂದೆ ನಿಲ್ಲು. ಬ್ಯಾಟರ್ ಕಡೆ ಹಾರಿದರೆ ಎತ್ತರದ ಚೆಂಡು ಗಾಳಿಗೆ ತಡೆದು ಮುಂದೆ ಬೀಳುತ್ತದೆ. ಹೆದರಿಕೆಗೆ ಒಂದು ಉಪಾಯ: ಮನೆ ಹತ್ತಿರ ಯಾರಾದರೂ ಟೆನಿಸ್ ಚೆಂಡು ಎತ್ತರಕ್ಕೆ ಎಸೆಯಲಿ, ನೀನು ಹಿಡಿಯಲೇ ಬೇಡ. ಅದು ಬೀಳುವ ಜಾಗಕ್ಕೆ ಹೋಗಿ ನಿಂತು ಎದೆಗೆ ತಾಗಿಸಿಕೋ, ಅಷ್ಟೆ. ಎರಡು ವಾರ ಹೀಗೆ. ಹಿಡಿಯಬೇಕು ಅನ್ನುವ ಭಾರ ಇಳಿದರೆ ಕಾಲು ತಾನೇ ಬಿಡುತ್ತದೆ. ನಮ್ಮ ತಂಡದಲ್ಲಿ ಇಬ್ಬರಿಗೆ ಇದರಿಂದ ಗುಣ ಸಿಕ್ಕಿದೆ.

ಪ್ರಶ್ನೆ: ಗದಗದಿಂದ ಹುಬ್ಬಳ್ಳಿಗೆ ದಿನಾ ಬಂದು ಆಡಿ ಹೋಗುವುದು ಮೂರ್ಖತನ ಅಂತ ಮನೆಯಲ್ಲಿ ಬೈಯುತ್ತಾರೆ. ನಿಮಗೇನನ್ನಿಸುತ್ತದೆ?
ಹದಿನೇಳರ ಹುಡುಗ, ಗದಗ

ಉತ್ತರ: ನಿಮ್ಮೂರಿನವರೇ ಆದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಆಡಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರಿನಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ತೆಗೆದವರು ಅವರೇ. ಇದನ್ನು ಮನೆಯಲ್ಲಿ ಓದಿ ಹೇಳು. ಆದರೆ ಅವರು ಶಾಲೆಗೂ ಹೋಗುತ್ತಿದ್ದರು ಅನ್ನುವುದನ್ನು ನುಂಗಿ ಹಾಕಬೇಡ.

ಪ್ರಶ್ನೆ: ನಾನು ದೈಹಿಕ ಶಿಕ್ಷಕ. ನಲವತ್ತು ಮಕ್ಕಳು, ಎರಡು ಗ್ಲೌಸ್, ಒಂದು ಮಧ್ಯಾಹ್ನ. ಮೂವರು ಔಟ್‌ಫೀಲ್ಡರ್ ಆರಿಸಬೇಕು. ಕೈಯಿಂದ ಎಸೆದು ಕ್ಯಾಚ್ ಹಿಡಿಸಿ ನೋಡಿದೆ, ಎಲ್ಲರೂ ಒಂದೇ ಥರ ಕಾಣುತ್ತಾರೆ.
ಶಿಕ್ಷಕರು, ಹಾವೇರಿ ತಾಲ್ಲೂಕು

ಉತ್ತರ: ಸರ್, ಕೈಯಿಂದ ಎಸೆದರೆ ಹಾಗೇ ಕಾಣುವುದು. ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಭುಜ ಮೊದಲೇ ಹೇಳಿಬಿಡುತ್ತದೆ, ಮಕ್ಕಳು ಜಾಣರು. ಟೆನಿಸ್ ಚೆಂಡು ತೆಗೆದುಕೊಳ್ಳಿ, ಗ್ಲೌಸಿನ ಚಿಂತೆ ಹೋಯಿತು. ಬ್ಯಾಟಿನಿಂದ ಹೊಡೆಯಿರಿ, ಮಗು ನಲವತ್ತು ಐವತ್ತು ಹೆಜ್ಜೆ ದೂರ ನಿಲ್ಲಲಿ. ನಲವತ್ತು ಮಕ್ಕಳಿಗೂ ಹತ್ತತ್ತು ಹೊಡೆದರೆ ನಿಮ್ಮ ತೋಳು ಕಳಚಿ ಬೀಳುತ್ತದೆ, ಆದ್ದರಿಂದ ಮೊದಲು ಎಲ್ಲರನ್ನೂ ಓಡಿಸಿ ಹದಿನೈದಕ್ಕೆ ಇಳಿಸಿ. ಆ ಹದಿನೈದಕ್ಕೆ ಮೂರು ಮುಂದೆ ಬೀಳುವ ಹಾಗೆ, ಮೂರು ತಲೆ ಮೇಲೆ, ಎರಡೆರಡು ಆ ಕಡೆ ಈ ಕಡೆ.

ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಪಕ್ಕದಲ್ಲಿ ಕೂರಿಸಿ ಬರೆಸಿ. ಮೊದಲ ಹೆಜ್ಜೆ ಸರಿಯಾ, ಒಂದು ಗುರುತು. ಚೆಂಡಿನ ಹತ್ತಿರ ತಲುಪಿದರಾ, ಇನ್ನೊಂದು ಗುರುತು. ಹಿಡಿದರಾ ಅನ್ನುವುದನ್ನು ಬರೆಸಲೇ ಬೇಡಿ, ಬರೆದರೆ ನಿಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ. ತಲೆ ಮೇಲಿನ ಮೂರು ಚೆಂಡಿಗೆ ಜಾಸ್ತಿ ಬೆಲೆ ಕೊಡಿ. ಮೊದಲನೆಯದನ್ನು ತಪ್ಪಾಗಿ ಓದಿ ಮೂರನೆಯದಕ್ಕೆ ಸರಿಯಾಗಿ ತಿರುಗಿದ ಮಗು ಇದ್ದರೆ ಹೆಸರಿಗೆ ಗೆರೆ ಎಳೆದಿಡಿ, ಮೂರಕ್ಕೂ ಸರಿ ಮಾಡಿದವನಿಗಿಂತ ನನಗೆ ಆ ಮಗುವಿನ ಮೇಲೆ ಆಸೆ ಜಾಸ್ತಿ. ಚಿನ್ನಿದಾಂಡು ಆಡಿ ಬೆಳೆದ ಮಕ್ಕಳನ್ನೂ ವಿಚಾರಿಸಿ, ಹಾರುವ ಚಿನ್ನಿ ನೋಡಿ ನೋಡಿ ಅವರ ಕಣ್ಣು ಮೊದಲೇ ಪಳಗಿರುತ್ತದೆ. ಮತ್ತೆ ಸಂಜೆ ಐದರ ಮೇಲೆ ಪಡುವಣಕ್ಕೆ ಮುಖ ಮಾಡಿಸಿ ಆರಿಸಬೇಡಿ, ಸೂರ್ಯನಿಗೆ ಸೋತವರನ್ನು ಆಟ ಬರದವರು ಅಂತ ಬರೆದುಬಿಡುತ್ತೀರಿ.